ಏರಿಯಲ್ ಕಂಬದ ಮನೆಯ ಅಕ್ಕ

ಸುಹಾಸ, ಅನನ್ಯಾ,

ಕಳೆದ ತಿಂಗಳು ನಾನು ಇದ್ದಕ್ಕಿದ್ದಂತೆ ಊರಿಗೆ ಹೊರಟಾಗ ಯಾರು ತೀರಿಕೊಂಡರು ಅಜ್ಜಿ ಎಂದು ಕೇಳಿದಿರಿ. "ಹಳೇ ಪರಿಚಯದವರು" ಎಂದಷ್ಟೇ ಹೇಳಿ ಬಸ್ ಹತ್ತಿದೆ. ಅಷ್ಟು ಹೇಳಿದ್ದು ಸಾಲದು ಎಂದು ದಾರಿಯುದ್ದಕ್ಕೂ ಅನ್ನಿಸಿತು. ಆದರೆ ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಮನೆಗೆ ನಾಲ್ಕು ಜನ ಬಂದರೆ ಅಡುಗೆಮನೆ ಸೇರಿಕೊಳ್ಳುವವಳು ನಾನು, ನಿಮಗೇ ಗೊತ್ತು. ಊರ ಶಾಲೆಯಲ್ಲಿ ಏಳನೇ ಇಯತ್ತೆವರೆಗೆ ಕಲಿತ ಅಕ್ಷರ ಇದೆ. ಅದರಲ್ಲೇ ಬರೆಯುತ್ತೇನೆ.

ಇದರಲ್ಲಿ ಹೊಡೆತ ಬಡಿತ ರಕ್ತ ಎಲ್ಲ ಇದೆ. ಮುಚ್ಚಿಟ್ಟು ಬರೆದರೆ ತೀರಿಕೊಂಡ ಆಕೆಯನ್ನು ಬರೆದಂತೆ ಆಗುವುದಿಲ್ಲ. ಅವಳ ಹೆಸರು ಮಾತ್ರ ಬರೆಯುವುದಿಲ್ಲ. ಊರಿನ ಎಲ್ಲರ ಹೆಸರನ್ನೂ ಅವಳು ಕೂಗುತ್ತಿದ್ದಳು, ಅವಳನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಲಿಲ್ಲ. ದೊಡ್ಡವರಿಗೆ ಅವಳು ಕಂಬದ ಮನೆಯಾಕೆ, ನನ್ನಂಥವರಿಗೆ ಅಕ್ಕ.

ಆ ಕಂಬ ಬಂದದ್ದು ತೊಂಬತ್ತರ ದಶಕದಲ್ಲಿ. ನಮ್ಮೂರು ಶಿರಾಳಕೊಪ್ಪದ ರಸ್ತೆಯಿಂದ ಒಳಗಿನ ಊರು. ಫೋನಿನ ತಂತಿ ಅಷ್ಟು ದೂರ ಎಳೆಯುವುದು ಆಗದ ಮಾತು ಎಂದು ನಮಗೆ ತಂತಿಯಿಲ್ಲದ ಫೋನು ಕೊಟ್ಟರು. ನಿಮ್ಮ ಕೈಯಲ್ಲಿರುವ ಮೊಬೈಲು ಮಾಡುವ ಕೆಲಸವೇ, ಗಾಳಿಯಲ್ಲಿ ಮಾತು ಕಳಿಸುವುದು. ಆದರೆ ಅದಕ್ಕೆ ತೆಂಗಿನ ಮರದಷ್ಟು ಎತ್ತರದ ಕಬ್ಬಿಣದ ಕಂಬ ಬೇಕು, ಕಂಬದ ತುದಿಗೆ ಮೀನಿನ ಮುಳ್ಳಿನ ಹಾಗಿರುವ ಏರಿಯಲ್ ಬೇಕು, ಮನೆಯೊಳಗೆ ಒಂದು ಪೆಟ್ಟಿಗೆ, ಬ್ಯಾಟರಿ, ಮಾಡಿನ ಮೇಲೆ ಸೋಲಾರ್ ತಟ್ಟೆ. ಇಡೀ ಊರಿಗೆ ಅದೊಂದೇ ಫೋನು.

ಶಿಕಾರಿಪುರದ ಟೆಲಿಫೋನ್ ಎಕ್ಸ್‌ಚೇಂಜ್ ಕಡೆಯವರು ಬಂದು ಮೊದಲು ಗೌಡರ ಮನೆ ಜಗಲಿಯಲ್ಲಿ ಕಂಬ ಎತ್ತಿದರು. ಊರಿನ ಫೋನು ಗೌಡರ ಮನೆಯಲ್ಲಿ ಅಲ್ಲದೆ ಇನ್ನೆಲ್ಲಿ? ಆದರೆ ಕಿವಿಗಿಟ್ಟರೆ ಬರೀ ಸೊಂಯ್ ಎನ್ನುವ ಸದ್ದು. ಶಿಕಾರಿಪುರದ ದಿಕ್ಕಿಗೆ ದೊಡ್ಡ ಹುಣಸೇಮರ ಅಡ್ಡ ಇತ್ತು. ಅವರು ಕಂಬ ಹೊತ್ತುಕೊಂಡು ಊರೆಲ್ಲ ತಿರುಗಿದರು, ಹಿಂದೆ ಊರಿಗೆ ಊರೇ ಮೆರವಣಿಗೆ. ಕೊನೆಗೆ ಅಕ್ಕನ ಹಿತ್ತಲಿನಲ್ಲಿ, ಎಮ್ಮೆ ಕೊಟ್ಟಿಗೆಯ ಪಕ್ಕ, ಅವರ ಮೀಟರಿನ ಮುಳ್ಳು ಎದ್ದು ನಿಂತಿತು. ಅಕ್ಕ ಸಗಣಿ ಕೈಯಲ್ಲೇ ಬಂದಳು.

"ಏನ್ ಸಿಕ್ತಪ್ಪ ನನ್ನ ಹಿತ್ತಲಾಗ?"

"ಸಿಗ್ನಲ್ ಐತಮ್ಮ ಇಲ್ಲಿ."

"ನೋಡ್ರಿ ಮತ್ತ! ಇಷ್ಟು ವರ್ಷ ಅದರ ಮ್ಯಾಲೇ ಸಗಣಿ ಬಾಚಿ ಹಾಕೀನಿ, ಒಂದಿನಾನೂ ಕಾಲಿಗೆ ಎಡವಲಿಲ್ಲ."

ಎಲ್ಲರೂ ನಕ್ಕರು, ಗೌಡರು ನಗಲಿಲ್ಲ. ವಾರ ಕಳೆಯುವುದರೊಳಗೆ ಗೌಡರ ಇಬ್ಬರು ಆಳುಗಳು ಹಗ್ಗ ಹಿಡಿದು ಕಂಬ ಉರುಳಿಸಲು ಬಂದರು. ಅಕ್ಕ ಬಚ್ಚಲ ಹಂಡೆಯಿಂದ ಕುದಿಯುವ ನೀರು ತೋಡಿ ತಂದು ಒಬ್ಬನ ಬೆನ್ನಿಗೆ ಸುರಿದಳು. ಅವನು ಅಂಗಿ ಕಿತ್ತೆಸೆದು ಕೆರೆಯ ಕಡೆ ಓಡಿದ. ಅಂಗಿಯ ಜೊತೆ ಚರ್ಮವೂ ಒಂದಿಷ್ಟು ಹೋಗಿತ್ತು. ಇನ್ನೊಬ್ಬ ನಿಂತು ನೋಡುತ್ತಿದ್ದ. "ನಿಂಗೂ ಒಂದ್ ಬಿಂದಿಗಿ ಕಾಯಾಕತ್ತೈತಿ, ಕುಂದ್ರು" ಎಂದಳು. ಅವನು ಕುಳಿತುಕೊಳ್ಳಲಿಲ್ಲ.

ಅವಳು ಹೀಗೇಕಾದಳು ಎಂದು ಕೇಳಿದರೆ ಎಡಗಿವಿ ತೋರಿಸುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಗಂಡ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಬಾರಿಸಿದ ಏಟಿಗೆ ಆ ಕಿವಿ ಹೋಗಿತ್ತು. ಮುಂದೆ ಅವನು ಹಾನಗಲ್ಲಿನ ಕಡೆಯವಳೊಬ್ಬಳನ್ನು ಕಟ್ಟಿಕೊಂಡು ಹೋದ. ಮಕ್ಕಳಿಲ್ಲ. ಎಮ್ಮೆ ಕಟ್ಟಿಕೊಂಡು, ಇದ್ದ ತುಂಡು ಗದ್ದೆ ಮಾಡಿಕೊಂಡು ಒಬ್ಬಳೇ ಇದ್ದಳು. ಒಂದೇ ಕಿವಿಯವಳಾದ್ದರಿಂದ ಮಾತು ಯಾವಾಗಲೂ ಗಟ್ಟಿ. ನನ್ನ ಸಣ್ಣ ದನಿ ಅವಳಿಗೆ ಕೇಳುತ್ತಲೇ ಇರಲಿಲ್ಲ.

"ಏನೇ ಇಲಿಮರಿ, ಬಾಯಾಗ ಕಾಳು ಇಟ್ಕೊಂಡೀ ಏನು? ಉಗುಳಿ ಮಾತಾಡು."

ನನಗೆ ಅವಳನ್ನು ಕಂಡರೆ ಹೆದರಿಕೆ. ಆದರೂ ಸಂಜೆ ಅವಳ ಜಗಲಿಗೆ ಹೋಗದೆ ಇರಲಾಗುತ್ತಿರಲಿಲ್ಲ.

ಫೋನಿಗೆ ಅವಳು ಮಾಡಿದ ಕಾನೂನುಗಳಿದ್ದವು. ಕುಡಿದು ಬಂದವರಿಗೆ ಫೋನಿಲ್ಲ. ಒಬ್ಬ ಕುಡಿದು ಬಂದು, ಸಾಲದ್ದಕ್ಕೆ ಮಾತಾಡುವ ತೂತಿನೊಳಗೆ ಎಲೆಅಡಿಕೆ ಉಗುಳಿದಾಗ ಅದೇ ರಿಸೀವರಿನಿಂದ ಅವನ ನೆತ್ತಿಗೆ ಹೊಡೆದಳು. ತಲೆ ಒಡೆಯಿತು, ರಿಸೀವರೂ ಬಿರುಕು ಬಿಟ್ಟಿತು. ರಿಸೀವರಿಗೆ ಕರೀ ಟೇಪು ಸುತ್ತಿದಳು, ಅವನ ತಲೆಗೆ ಅರಿಶಿನ ಮೆತ್ತಿ ಅದೇ ಸಂಜೆ ಅನ್ನ ಇಕ್ಕಿ ಕಳಿಸಿದಳು. ಆಮೇಲೆ ಅವನು ಯಾರಿಗೆ ಫೋನು ಮಾಡಬೇಕಾದರೂ ಬೆಳಿಗ್ಗೆಯೇ ಬರುತ್ತಿದ್ದ.

ಹೊರಗಿನಿಂದ ಯಾರಿಗಾದರೂ ಫೋನು ಬಂದರೆ ಅವರನ್ನು ಕರೆಯುವುದು ಅವಳ ಕೆಲಸ. ರಿಸೀವರನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ, ಅಂಗಳಕ್ಕೆ ಬಂದು, ಕೈ ಸೊಂಟಕ್ಕಿಟ್ಟು ಕೂಗುತ್ತಿದ್ದಳು. "ಹಾಲಪ್ಪಾ! ಫೋನು ಬಂದೈತಿ!" ಆ ಕೂಗು ಕಣ, ಕೆರೆ ಏರಿ, ಗದ್ದೆ ಬಯಲು ಎಲ್ಲ ದಾಟುತ್ತಿತ್ತು. ಹಾಲಪ್ಪ ಎಲ್ಲಿದ್ದರೂ ಅಲ್ಲಿಂದಲೇ "ಬಂದೇ!" ಎನ್ನುತ್ತಿದ್ದ. ಆ ಕಡೆ ಫೋನು ಹಿಡಿದವರಿಗೆ ಇದೆಲ್ಲ ಕೇಳಿಸುತ್ತಿತ್ತು. ನಮ್ಮೂರಿನ ನಾಯಿ ಬೊಗಳುವುದೂ ಕೇಳಿಸುತ್ತದೆ ಎಂದು ದೂರದ ನೆಂಟರು ನಗುತ್ತಿದ್ದರು.

ಕರೆಯುವ ಮುಂಚೆ ಯಾರು, ಯಾವೂರು, ಏನು ವಿಷಯ ಎಂದು ಕೆದಕಿ ಕೆದಕಿ ವಿಚಾರಿಸುತ್ತಿದ್ದಳು. ಕಾಯಿಲೆ ಅಥವಾ ಸಾವಿನ ಸುದ್ದಿಯಾದರೆ ಮಾತ್ರ ಒಂದು ಮಾತೂ ಕೇಳುತ್ತಿರಲಿಲ್ಲ, ಮೊದಲು ಕೂಗು. ಅವಳ ಅಪ್ಪ ಸತ್ತಾಗ ಸುದ್ದಿ ಕೈಸೇರುವ ಹೊತ್ತಿಗೆ ಮಣ್ಣಾಗಿ ಹೋಗಿತ್ತಂತೆ, ಮುಖ ಸಿಗಲಿಲ್ಲವಂತೆ. "ಸಾವಿನ ಸುದ್ದಿಗೆ ಚಪ್ಪಲಿ ಹುಡುಕಬಾರದು" ಎನ್ನುತ್ತಿದ್ದಳು. ಅಂಥ ಸುದ್ದಿ ಬಂದರೆ ಬರಿಗಾಲಲ್ಲಿ ಅಂಗಳಕ್ಕೆ ಹಾರುತ್ತಿದ್ದಳು.

ಇನ್ನು ಆ ಫೋನಿನ ಒಂದು ಗುಣ ಹೇಳಬೇಕು. ಎಕ್ಸ್‌ಚೇಂಜ್‌ನವನು ನಮಗೆ ಹೀಗೆ ತಿಳಿಸಿದ್ದ: "ಗಾಳ್ಯಾಗ ದಾರಿ ಎರಡೇ ಅದಾವ್ರಿ. ಸುತ್ತಲ ಊರಿಗೆಲ್ಲ ಅವೇ ದಾರಿ. ಎರಡು ಊರು ಮಾತಾಡಾಕತ್ರೆ ಮೂರನೇ ಊರಿಗೆ ದಾರಿ ಸಿಗಲ್ಲ, ಕಾಯಬೇಕು." ಆಗ ಬಸ್ಸಿಗೆ ಕಾಯುವ ಹಾಗೆ ಇದಕ್ಕೂ ಕಾಯಬೇಕು ಎಂದುಕೊಂಡೆವು.

ಈಗ ಗಿರಿಜಾಳ ವಿಷಯ. ಶಿರಾಳಕೊಪ್ಪದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡು, ಅನನ್ಯಾಳಿಗೆ ಹಬ್ಬಕ್ಕೆಲ್ಲ ಲಂಗ ಹೊಲಿದುಕೊಡುವ ಗಿರಿಜತ್ತೆಯೇ ಇವಳು. ನನ್ನ ಒಡಹುಟ್ಟಿದ ಅಕ್ಕನ ಮಗಳು. ನನ್ನ ತವರು ಸೊರಬದ ಕಡೆ. ಗಿರಿಜಾಳನ್ನು ಕೊಟ್ಟದ್ದೂ ಅಲ್ಲೇ, ಗುಡವಿಯ ಹಕ್ಕಿಗಳ ಕೆರೆಗೆ ಹೋಗುವ ದಾರಿಯ ಒಂದು ಊರಿಗೆ. ಇದನ್ನು ಬರೆಯಲೇ ಎಂದು ಅವಳನ್ನು ಕೇಳಿದೆ. "ಬರೀರಿ ಚಿಕ್ಕಮ್ಮ, ಏನೂ ಬಿಡಬೇಡಿ" ಎಂದಳು. ಅದಕ್ಕೇ ಬರೆಯುತ್ತಿದ್ದೇನೆ.

ಅವಳ ಗಂಡ ಹೊಡೆಯುತ್ತಿದ್ದ. ಹೊಡೆಯುವ ಗಂಡಂದಿರನ್ನು ನಾವು ಕಂಡಿದ್ದೆವು. ಇವನು ಬೇರೆ ತರಹ. ಸೌಟು ಒಲೆಯಲ್ಲಿ ಕೆಂಪಗೆ ಕಾಯಿಸಿ ಬೆನ್ನಿಗೆ ಒತ್ತುತ್ತಿದ್ದ. ಐದು ತಿಂಗಳ ಬಸುರಿಯ ಹೊಟ್ಟೆಗೆ ಒದ್ದು ಮಗುವನ್ನು ಕಳೆದಿದ್ದ. "ಬಿಟ್ಟು ಹೋದರೆ ಕಡಿದು ಕೆರೆಗೆ ಹಾಕ್ತೀನಿ, ಹಕ್ಕಿ ತಿನ್ಲಿ" ಎಂದಿದ್ದ. ಅದು ಬಾಯಿಮಾತಲ್ಲ ಎಂದು ಗೊತ್ತಾದ ಮೇಲೆ ಅವಳು ಉಟ್ಟ ಸೀರೆಯಲ್ಲಿ ಹೊರಟು, ಬಸ್ ಬದಲಿಸಿ ಬದಲಿಸಿ ನಮ್ಮ ಮನೆಗೆ ಬಂದಳು. ತವರಿಗೆ ಹೋಗುವ ಹಾಗಿರಲಿಲ್ಲ, ಅವನು ಮೊದಲು ಹುಡುಕುವುದು ಅಲ್ಲೇ.

ನಾನು ಯಾರಿಗೂ ಹೇಳಲಿಲ್ಲ, ಅಕ್ಕನಿಗೆ ಮಾತ್ರ ಹೇಳಿದೆ. ಅವಳು ಬಂದು ಗಿರಿಜಾಳ ರವಿಕೆ ಸರಿಸಿ ಬೆನ್ನು ನೋಡಿದಳು. ಆಮೇಲೆ ಬೆಣ್ಣೆ ತಂದು ಹಚ್ಚುತ್ತ, "ಊರಿಗೆಲ್ಲ ಬಾಣಂತನಕ್ಕೆ ಬಂದಾಳ ಅಂತ ಹೇಳ್ಬ್ಯಾಡ್ರಿ, ಹೊಟ್ಟಿ ನೋಡ್ತಾರ. ಹೊಲಿಗೆ ಕಲಿಯಾಕ ಬಂದಾಳ ಅನ್ರಿ" ಎಂದಳು. ಹಾಗೆ ಸುಳ್ಳು ಹೇಳಿ ಸುಗ್ಗಿಯವರೆಗೆ ದಿನ ದೂಡಿದೆವು.

ಅಂದು ಶಿರಾಳಕೊಪ್ಪದ ಸಂತೆ. ಮಧ್ಯಾಹ್ನ. ಗಂಡಸರೆಲ್ಲ ಕಣದಲ್ಲಿ ಭತ್ತ ಬಡಿಯುತ್ತಿದ್ದರು, ನಿಮ್ಮ ಅಜ್ಜನೂ ಅಲ್ಲೇ. ಅಕ್ಕನ ಮನೆಯಲ್ಲಿ ಫೋನು ಬಡಿದುಕೊಂಡಿತು. ಒಂದು ಗಂಡಸಿನ ದನಿ ಹೇಳಿತಂತೆ: "ಆಸ್ಪತ್ರೆಯಿಂದ ಮಾತಾಡೋದು. ಗಿರಿಜಾ ಅನ್ನೋ ಹುಡುಗಿ ತಾಯಿಗೆ ಸೀರಿಯಸ್ ಆಗಿದೆ. ಅಲ್ಲಿ ಅವಳ ಚಿಕ್ಕಮ್ಮ ಇದಾರಲ್ಲ, ಹುಡುಗಿ ಬಂದಿದ್ರೆ ಬೇಗ ಕರೀರಿ, ಉಸಿರಿದೆ ಇನ್ನೂ."

ಅಕ್ಕ ಎಲ್ಲ ಬಲ್ಲವಳು. ಆದರೆ ಸಾವಿನ ಸುದ್ದಿ. ಬುದ್ಧಿಗಿಂತ ಮೊದಲು ಕಾಲು ಅಂಗಳಕ್ಕೆ ಬಂದಿತ್ತು. ರಿಸೀವರು ಮೇಜಿನ ಮೇಲೆ ತೆರೆದೇ ಇತ್ತು.

"ಗಿರಿಜಾ! ನಿಮ್ಮವ್ವಗ ಹುಷಾರಿಲ್ಲಂತ! ಫೋನು ಬಂದೈತಿ!"

ಬಂದಾಗಿನಿಂದ ಪಿಸುಮಾತಿನಲ್ಲೇ ಇದ್ದ ಹುಡುಗಿ ನಮ್ಮ ಹಿತ್ತಲಿನಿಂದ ಚೀರಿದಳು, "ಬಂದೇ ದೊಡ್ಡಮ್ಮಾ!"

ಓಡಿದಳು, ಅವಳ ಹಿಂದೆ ನಾನೂ ಓಡಿದೆ. ಅವಳು ರಿಸೀವರು ಎತ್ತಿ "ಅಮ್ಮ ಹ್ಯಾಂಗಿದಾಳೆ?" ಎಂದಳು. ಕೇಳುತ್ತ ಕೇಳುತ್ತ ಅವಳ ತುಟಿ ಬೆಳ್ಳಗಾಯಿತು. ರಿಸೀವರು ಕೈಜಾರಿ ಹಗ್ಗಕ್ಕೆ ನೇತುಬಿದ್ದಂತೆ ತೂಗಾಡಿತು.

"ಅವರೇ ಚಿಕ್ಕಮ್ಮ" ಎಂದಳು. "ನಕ್ಕರು. 'ಇದ್ದೀಯಲ್ಲ, ಇರು, ಬಂದೆ' ಅಂದ್ರು. ಹಿಂದೆ ಸಂತೆ ಗಲಾಟೆ ಕೇಳ್ತು."

ಅಕ್ಕ ತನ್ನ ಬಾಯಿಗೆ ತಾನೇ ಫಟಾರೆಂದು ಹೊಡೆದುಕೊಂಡಳು. "ಈ ಬಾಯಿಗೆ ಮಣ್ಣು ಹಾಕ! ಸೊರಬದಾಗ ಇಲ್ಲ ಅವ, ಶಿರಾಳಕೊಪ್ಪದಾಗೇ ಅದಾನ. ಅರ್ಧ ತಾಸಿನ ದಾರಿ. ಬಯಲಿಗೆ ಬೀಳಬ್ಯಾಡ್ರಿ, ದಾರ್ಯಾಗೇ ಸಿಕ್ಕೀರಿ." ಮತ್ತೆ ಅಳಲಿಲ್ಲ, ಬಯ್ದುಕೊಳ್ಳಲಿಲ್ಲ. ಪೊಲೀಸರ ನಂಬರು ತಿರುಗಿಸಿದಳು. ಕೊಂಯ್ ಕೊಂಯ್ ಎಂದಿತು. ಮತ್ತೆ ತಿರುಗಿಸಿದಳು, ಕೊಂಯ್ ಕೊಂಯ್. ಗಾಳಿಯ ಎರಡು ದಾರಿಯನ್ನೂ ಬೇರೆ ಯಾವುದೋ ಊರಿನವರು ಹಿಡಿದಿದ್ದರು. ಒಂದರಲ್ಲಿ ಶುಂಠಿ ಬೀಜದ ಧಾರಣೆಯ ಮಾತು ನಡೆದಿತ್ತೆಂದು ಆಮೇಲೆ ತಿಳಿಯಿತು. ಅಕ್ಕ ಟೇಪು ಸುತ್ತಿದ ಆ ರಿಸೀವರಿಗೆ ಬಾಯಿಗೆ ಬಂದ ಬೈಗುಳ ಬೈದಳು. ತಿರುಗಿಸುವುದನ್ನು ಬಿಡಲಿಲ್ಲ.

ಜೀಪಿನ ಸದ್ದು ಕೇಳಿತು. ಅಕ್ಕ ನಮ್ಮಿಬ್ಬರನ್ನೂ ಅಡುಗೆಮನೆಗೆ ನೂಕಿ, ಮುಂಬಾಗಿಲ ಚಿಲಕ ಹಾಕಿ, ಭತ್ತ ಕುಟ್ಟುವ ಒನಕೆ ಕೈಗೆ ತೆಗೆದುಕೊಂಡಳು. ಅಡುಗೆಮನೆಯ ಬಾಗಿಲ ಸಂದಿಯಿಂದ ನನಗೆ ನಡುಮನೆ, ಅದರ ಸರಳಿನ ಕಿಟಕಿಯಾಚೆಯ ಅಂಗಳ, ಎಲ್ಲ ಕಾಣುತ್ತಿತ್ತು.

ಮೊದಲು ನಮ್ಮ ಮನೆಗೆ ನುಗ್ಗಿದರು. ಪಾತ್ರೆಗಳು ಬೀಳುವ ಸದ್ದು, ಹೆಂಚು ಒಡೆಯುವ ಸದ್ದು ಕೇಳಿಸಿತು. ಆಮೇಲೆ ಇಲ್ಲಿಗೆ ಬಂದರು. ಗಿರಿಜಾಳ ಗಂಡ, ಅವನ ಅಣ್ಣ, ಜೀಪು ಓಡಿಸಿಕೊಂಡು ಬಂದವನು. ಗಂಡನ ಕೈಯಲ್ಲಿ ಮಚ್ಚು, ಅಣ್ಣನ ಕೈಯಲ್ಲಿ ಕೊಡಲಿ. ಬಂದವರೇ ಕಂಬದಿಂದ ಇಳಿಯುವ ಕೇಬಲ್ಲನ್ನು ಕಡಿದರು. ಫೋನಿನೊಳಗೆ ಸದಾ ಇರುತ್ತಿದ್ದ ಸೊಂಯ್ ಎನ್ನುವ ಸದ್ದೂ ಸತ್ತುಹೋಯಿತು.

"ಏ ಮುದುಕಿ, ನಮ್ಮನೆ ಹೆಂಗಸನ್ನ ನಮಗೆ ಒಪ್ಪಿಸು. ನಿನಗೇನೂ ಮಾಡಲ್ಲ."

"ಹೆಂಗಸು ಅಂತ ಗೊತ್ತಿತ್ತಾ ನಿಂಗೆ? ಬೆನ್ನು ನೋಡಿದ್ರೆ ರೊಟ್ಟಿ ಹಂಚು ಅಂದ್ಕೊಂಡಿದ್ದಿ ಅನಸ್ತೈತಿ!"

ಕೊಡಲಿ ಬಾಗಿಲಿಗೆ ಬಿತ್ತು. ಎರಡನೇ ಏಟಿಗೆ ಹಲಗೆ ಸೀಳಿತು. ಸೀಳಿನಿಂದ ಒಂದು ಕೈ ಒಳಗೆ ಬಂದು ಚಿಲಕ ತಡಕಾಡಿತು. ಅಕ್ಕ ಒನಕೆ ಎತ್ತಿ ಆ ಕೈಯ ಮೇಲೆ ಕುಟ್ಟಿದಳು. ಒಣಗಿದ ಕಡ್ಡಿ ಮುರಿದ ಹಾಗೆ ಸದ್ದು. ಹೊರಗೆ ಅಣ್ಣ ಕೂಗಿಕೊಂಡ. ಆಗ ಸೀಳಿನಿಂದ ಮಚ್ಚು ಒಳಗೆ ತೂರಿತು. ಅಕ್ಕನ ಎಡಗೈ ಚಿಲಕ ಬಿಗಿಹಿಡಿದಿತ್ತು. ಮಚ್ಚು ಆ ಕೈಯ ಮೇಲೆ ಬಿತ್ತು. ಕಿರುಬೆರಳು, ಅದರ ಪಕ್ಕದ ಬೆರಳು, ಎರಡೂ ಹೊಸ್ತಿಲ ಒಳಗೆ ಬಿದ್ದವು. ನಾನು ನೋಡಿದೆ. ಅವಳು ಕೈ ತೆಗೆಯಲಿಲ್ಲ. ಉಳಿದ ಬೆರಳುಗಳಲ್ಲೇ ಚಿಲಕ ಹಿಡಿದುಕೊಂಡು ನನ್ನ ಕಡೆ ತಿರುಗಿದಳು. ರಕ್ತ ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು.

"ಕೂಗೇ ಇಲಿಮರಿ! ಕಣದ ಕಡೆ ಕಿಟಕಿ ತೆಗೆದು ಕೂಗು!"

"ಏನಂತ ಕೂಗ್ಲಿ ಅಕ್ಕಾ?"

"ಹೊಡೀತಾರ ಅನಬ್ಯಾಡ. ಹೊಡೆದಾಟ ಅಂದ್ರ ಬಾಗಿಲು ಹಾಕ್ಕೊಳ್ಳೋ ಊರು ಇದು. ಫೋನು ಬಂದೈತಿ ಅನ್ನು! ಒಬ್ಬೊಬ್ಬರ ಹೆಸರು ಹಿಡಿದು ಕೂಗು!"

ಕಿಟಕಿ ತೆಗೆದೆ. ಬಾಯಿ ತೆರೆದೆ. ಮೊದಲ ಕೂಗು ಗಾಳಿಯಾಗಿ ಹೋಯಿತು, ಎರಡನೆಯದು ದನಿಯಾಯಿತು. ಹಾಲಪ್ಪನನ್ನು ಕೂಗಿದೆ. ಟ್ರ್ಯಾಕ್ಟರ್ ಬಸಣ್ಣನನ್ನು ಕೂಗಿದೆ. ಕಣದಲ್ಲಿ ಇದ್ದವರ ಹೆಸರೆಲ್ಲ ಕೂಗಿದೆ. ಕೊನೆಗೆ ಒಂದು ಹೆಸರು ಉಳಿಯಿತು. ನಮ್ಮ ಕಾಲದಲ್ಲಿ ಗಂಡನ ಹೆಸರನ್ನು ಬಾಯಲ್ಲಿ ತೆಗೆಯುವಂತಿರಲಿಲ್ಲ, ಮದುವೆಯಲ್ಲಿ ಒಗಟಿನಲ್ಲಿ ಹೇಳಿದ್ದು ಬಿಟ್ಟರೆ ನಾನು ಹೇಳಿರಲಿಲ್ಲ. ಅಂದು ಊರಿಗೆಲ್ಲ ಕೇಳುವಂತೆ ನಿಮ್ಮ ಅಜ್ಜನ ಹೆಸರು ಕೂಗಿದೆ. ಈಗ ಬರೆಯಲು ಕೈ ಬರುತ್ತಿಲ್ಲ, ನೋಡಿ.

ಕಣದವರೆಲ್ಲ ಓಡಿ ಬಂದರು, ಮೈಯೆಲ್ಲ ಭತ್ತದ ಧೂಳು, ಕೈಯಲ್ಲಿ ಹುಲ್ಲು ಕೊಡಹುವ ಕೋಲು. ಮುಂದೆ ಬಂದ ಹಾಲಪ್ಪ, ಮಚ್ಚು ಹಿಡಿದು ನಿಂತವನನ್ನೇ "ಎಲ್ಲಿಂದ್ರೀ ಫೋನು?" ಎಂದು ಕೇಳಿದನಂತೆ. ಉತ್ತರವಾಗಿ ಮಚ್ಚು ಅವನ ಭುಜ ಸೀಳಿತು. ಆಮೇಲೆ ಯಾರೂ ಏನೂ ಕೇಳಲಿಲ್ಲ.

ಮುಂದಿನದನ್ನು ಬರೆಯಲು ಕಷ್ಟವಾಗುತ್ತದೆ. ನಮ್ಮವರು ಒಳ್ಳೆಯವರು, ಸಂಜೆ ಜಗಲಿಯಲ್ಲಿ ಕುಳಿತು ಮಕ್ಕಳಿಗೆ ಕಡಲೆ ಸುಲಿದುಕೊಡುವವರು. ಅವರೇ ಆ ಇಬ್ಬರನ್ನೂ ಕೆಡವಿ, ದನದ ಕಣ್ಣಿಯಿಂದ ಏರಿಯಲ್ ಕಂಬಕ್ಕೆ ಕಟ್ಟಿ, ಕೋಲು ಮುರಿಯುವವರೆಗೆ ಹೊಡೆದರು. ಜೀಪಿನವನು ಗದ್ದೆ ಹಾರಿ ಓಡಿಹೋದ. ಗಿರಿಜಾಳ ಗಂಡನ ಹಲ್ಲು ಅಂಗಳದಲ್ಲಿ ಬಿದ್ದಿದ್ದವು. ನಿಮ್ಮ ಅಜ್ಜನೂ ಹೊಡೆಯುತ್ತಿದ್ದರು. ಆ ಮುಖವನ್ನು ನಾನು ಮೊದಲು ಕಂಡಿರಲಿಲ್ಲ, ಮತ್ತೆಂದೂ ಕಾಣಲಿಲ್ಲ.

ಅಕ್ಕ ಕೈಗೆ ಸೆರಗು ಸುತ್ತಿಕೊಂಡು ಹೊರಗೆ ಬಂದಳು. "ಬಿಡ್ರೋ, ಸತ್ತಾನು" ಎಂದಳು. ಎಲ್ಲರೂ ದಾರಿ ಬಿಟ್ಟರು. ನಿಲ್ಲಿಸಲು ಬಂದಳು ಎಂದುಕೊಂಡೆ. ಅವಳು ಗಿರಿಜಾಳ ಗಂಡನ ಮುಂದೆ ನಿಂತು ನೋಡಿದಳು. ಅವನ ಕಣ್ಣು ಊದಿ ಮುಚ್ಚಿತ್ತು. ಬಲಗೈ ಎತ್ತಿ ಅವನ ಎಡಗಿವಿಗೆ ಬಾರಿಸಿದಳು, ಒಂದೇ ಏಟು. ಕಿವಿಯಿಂದ ರಕ್ತ ಇಳಿಯಿತು. ಜನ ಹೋ ಎಂದರು. ಅವಳು ಎಮ್ಮೆಯ ಬಾನಿಯ ಪಕ್ಕ ಕುಸಿದು ಕುಳಿತಳು.

ಬಸಣ್ಣ, ಅವರು ಬಂದಿದ್ದ ಜೀಪಿನಲ್ಲೇ, ಅಕ್ಕನನ್ನೂ ಹಾಲಪ್ಪನನ್ನೂ ಆ ಇಬ್ಬರನ್ನೂ ಹಾಕಿಕೊಂಡು ಶಿಕಾರಿಪುರಕ್ಕೆ ಓಡಿಸಿದ. ಹೊಡೆದವರು, ಹೊಡೆಸಿಕೊಂಡವರು ಒಬ್ಬರ ಮೇಲೊಬ್ಬರು ಒರಗಿಕೊಂಡು ಹೋದರು. ಹೊಸ್ತಿಲಲ್ಲಿ ಬಿದ್ದಿದ್ದ ಬೆರಳುಗಳನ್ನು ಗಿರಿಜಾ ಬಾಳೆ ಎಲೆಯಲ್ಲಿ ಸುತ್ತಿ, ವಿಭೂತಿ ಹಚ್ಚಿ, ಹಿತ್ತಲಿನಲ್ಲಿ ಮಣ್ಣು ಮಾಡಿದಳು. ರಾತ್ರಿ ನಿಮ್ಮ ಅಜ್ಜ ಊಟಕ್ಕೆ ಕುಳಿತು, ತುತ್ತು ಎತ್ತದೆ, "ನನ್ನ ಹೆಸರು ಅಷ್ಟು ದೂರ ಕೇಳ್ತದ ಅಂತ ಗೊತ್ತಿರಲಿಲ್ಲ" ಎಂದರು. ಅಷ್ಟೇ.

ಅಪಾಯ ಅಲ್ಲಿಗೆ ಮುಗಿಯಿತು ಎಂದುಕೊಳ್ಳಬೇಡಿ. ಅಕ್ಕ ಆಸ್ಪತ್ರೆಯಿಂದ ಬಂದ ಮೇಲೆ ಅವಳ ಜಗಲಿಯಲ್ಲೇ ಪಂಚಾಯಿತಿ ಸೇರಿತು. ಗೌಡರು ಬಂದರು, ಗಿರಿಜಾಳ ಅಪ್ಪ, ಅಂದರೆ ನನ್ನ ಭಾವನೂ ಬಂದರು. ಗೌಡರು ಹದವಾಗಿ ಮಾತು ತೆಗೆದರು.

"ಆದದ್ದು ಆಯ್ತು. ಅವರ ಮೇಲೆ ನಮ್ಮ ಕೇಸು, ನಮ್ಮ ಹುಡುಗರ ಮೇಲೆ ಅವರ ಕೇಸು. ಇದರಾಗ ಊರು ಹಾಳಾಗ್ತೈತಿ. ಹುಡುಗಿ ಗಂಡನ ಮನಿಗೆ ಹೋದ್ರೆ ಅವರೂ ಕೇಸು ಬಿಡ್ತಾರಂತ. ರಾಜಿ ಮಾಡ್ಕೊಳ್ಳೋಣ."

ಭಾವ ತಲೆ ತಗ್ಗಿಸಿಕೊಂಡು, "ಕೊಟ್ಟ ಹೆಣ್ಣು. ಎಷ್ಟು ದಿನ ಮಂದಿ ಮನೆಯಲ್ಲಿ ಇಟ್ಕೊಳ್ಳಾದು? ಹೋಗಲಿ" ಎಂದರು.

ಒಳಗೆ ಗಿರಿಜಾ ನನ್ನ ಕೈ ಹಿಡಿದಳು. ಅವಳ ಉಗುರು ನನ್ನ ಚರ್ಮದೊಳಗೆ ಇಳಿದಿತ್ತು. ಗಂಡಸರೆಲ್ಲ ತಲೆಯಾಡಿಸುತ್ತಿದ್ದರು. ಅಂದು ಕೋಲು ಹಿಡಿದು ಬಂದವರೇ ಈಗ ಕೋರ್ಟಿನ ಹೆದರಿಕೆಗೆ ತಲೆಯಾಡಿಸುತ್ತಿದ್ದರು. ಹುಡುಗಿ ಹೋಗಿಯೇಬಿಡುತ್ತಾಳೆ ಎಂದು ನನಗೆ ಅನ್ನಿಸಿತು.

ಅಕ್ಕ ಬ್ಯಾಂಡೇಜಿನ ಕೈಯನ್ನು ಮಡಿಲಿನಿಂದ ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದಳು.

"ಗೌಡ್ರೇ, ನನ್ನ ಎರಡು ಬೆರಳು ಹಿತ್ತಲಾಗ ಹೂತೀವಿ. ಅವು ಮೊಳಕಿ ಒಡದು ಮ್ಯಾಲೆ ಬರ್ಲಿ. ಬಂದ ದಿನ ನಾನೇ ಹುಡುಗಿಗೆ ಉಡಿ ತುಂಬಿ ಕಳಿಸ್ತೀನಿ. ಅಲ್ಲೀತನಕ ಅವಳು ನನ್ನ ಮಗಳು. ಕರ್ಕೊಂಡು ಹೋಗಾಕ ಬರೋರು 'ನನಗ ಇನ್ನೂ ಎಂಟು ಬೆರಳು ಅದಾವ' ಅನ್ನೋದು ತಿಳ್ಕೊಂಡು ಬರ್ರಿ."

ನಮ್ಮ ಭಾವ ಎದ್ದು, ಬಾಗಿಲವರೆಗೆ ಬಂದು, ಮಗಳ ಮುಖ ನೋಡದೆ ಹೊರಟುಹೋದರು.

ಕೇಸು ವರ್ಷಗಟ್ಟಲೆ ನಡೆಯಿತು. ಕೋರ್ಟಿನಲ್ಲಿ ಅವನ ವಕೀಲರು, "ಇವರ ಕಿವಿಗೆ ಹೊಡೆದವರು ಯಾರು?" ಎಂದು ಕೇಳಿದರು. "ನಾನೇ ಹೊಡೆದೀನ್ರೀ" ಎಂದಳು ಅಕ್ಕ, "ಯಾಕ, ಅವ ಮರೆತನೇನು?" ನ್ಯಾಯಾಧೀಶರೂ ತುಟಿ ಕಚ್ಚಿಕೊಂಡರು. ಹುಡುಗಿಯ ಹೆಸರನ್ನು ತಾನೇ ಕೂಗಿ ಹೇಳಿದ್ದನ್ನೂ ಮುಚ್ಚಿಡಲಿಲ್ಲ. ಅವನಿಗೆ ಜೈಲಾಯಿತು. ನಮ್ಮವರೂ ತಮ್ಮ ಮೇಲಿನ ಕೇಸಿಗೆ ತಿಂಗಳು ತಿಂಗಳು ಅಲೆದು ತಲೆತಗ್ಗಿಸಿ ಬಂದರು. ಅಕ್ಕ ಸಾಕ್ಷಿ ಹೇಳಿದ ದಿನ ವಾಪಸು ಬರುವ ಬಸ್ಸಿನಲ್ಲಿ ನಾನು ಅಕ್ಕನ ಬಲಗಡೆ ಕುಳಿತಿದ್ದೆ. ಅವಳು ಕಿಟಕಿಯ ಕಡೆ ನೋಡುತ್ತ, ಅವಳಿಗೆ ಅಪರೂಪವಾದ ಮೆಲುದನಿಯಲ್ಲಿ ಹೇಳಿದಳು: "ಅವನ ಕಿವಿಗೆ ಹೊಡೆದ ಮ್ಯಾಲೆ ನನ್ನ ಕಿವಿ ಕೇಳ್ತೈತೇನೋ ಅಂದ್ಕೊಂಡಿದ್ದೆ ಕಣೇ. ಕೇಳಲಿಲ್ಲ."

ಗಿರಿಜಾ ಅಕ್ಕನ ಮನೆಯಲ್ಲೇ ಉಳಿದಳು. ಸುಳ್ಳಿಗೆ ಹೇಳಿದ ಹೊಲಿಗೆಯನ್ನು ನಿಜವಾಗಿಯೇ ಕಲಿತಳು. ಕಡಿದ ಕೇಬಲ್ಲನ್ನು ಎಕ್ಸ್‌ಚೇಂಜ್‌ನವರು ಜೋಡಿಸಿದರು. ಆದರೆ ಫೋನು ಹೊಡೆದುಕೊಂಡ ಕೂಡಲೇ ಗಿರಿಜಾ ಅಡುಗೆಮನೆಗೆ ಓಡಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅಕ್ಕ ಊರಿನವರನ್ನೆಲ್ಲ ಮೊದಲಿನ ಹಾಗೇ ಕೂಗುತ್ತಿದ್ದಳು, ಗಿರಿಜಾಳ ಹೆಸರು ಮಾತ್ರ ಅವಳ ಬಾಯಲ್ಲಿ ಬರುತ್ತಿರಲಿಲ್ಲ. ಬೇಕಾದರೆ ಹತ್ತಿರ ಹೋಗಿ ಮೈಮುಟ್ಟಿ ಕರೆಯುತ್ತಿದ್ದಳು.

ಅವನಿಗೆ ಜೈಲಾದ ಮರುಬೇಸಿಗೆ. ನಾನು, ಗಿರಿಜಾ ಇಬ್ಬರೂ ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದೆವು. ಅಕ್ಕ ಏರಿಯ ಮೇಲೆ ಏದುಸಿರು ಬಿಡುತ್ತ ಬರುತ್ತಿದ್ದಳು. ಬಂದವಳು ಗಿರಿಜಾಳ ಭುಜ ಮುಟ್ಟಿ ಮೆಲ್ಲಗೆ ಹೇಳಿದಳು.

"ನಿಮ್ಮವ್ವ ಫೋನು ಮಾಡ್ಯಾಳ. ಅವಳೇ, ನಾನು ಎಲ್ಲ ಕೇಳಿ ನೋಡೀನಿ. ನಿಮ್ಮಪ್ಪಗ ಹೇಳದೇ ಬಂದು ಮಾಡ್ಯಾಳಂತ."

ಗಿರಿಜಾ ಕೈಯ ಬಟ್ಟೆ ಹಿಂಡುತ್ತ ಕೇಳಿದಳು, "ದೊಡ್ಡಮ್ಮ, ಅಲ್ಲಿಂದಲೇ ಯಾಕೆ ಕೂಗಲಿಲ್ಲ?"

"ಒಂದು ಸಲ ಕೂಗಿ ಸಾಕಾಗೈತಿ ತಾಯಿ."

"ಹೋಗಿ. ಮನೆಗೆ ಹೋಗಿ ಅಂಗಳದಿಂದ ಕೂಗಿ. ಆಮೇಲೆ ಬರ್ತೀನಿ."

"ಹುಚ್ಚಿ! ಅಷ್ಟೊತ್ತಿಗೆ ಆಕಿ ಫೋನು ಇಟ್ಟಿರ್ತಾಳ."

"ಇಡಲಿ. ಮತ್ತೆ ಮಾಡ್ತಾಳೆ. ನಾನೆಷ್ಟು ದಿನ ಹೆಸರಿಲ್ಲದವಳ ಹಾಗೆ ಇರಲಿ ದೊಡ್ಡಮ್ಮ?"

ಅಕ್ಕ ಅವಳನ್ನು ನೋಡಿದಳು, ನನ್ನನ್ನು ನೋಡಿದಳು. ಬಂದ ದಾರಿಯಲ್ಲೇ ತಿರುಗಿ ನಡೆದಳು. ನಾವು ಬಟ್ಟೆ ಒಗೆಯಲಿಲ್ಲ, ನೀರಿನಲ್ಲಿ ಕಾಲು ಇಳಿಬಿಟ್ಟು ಸುಮ್ಮನೆ ಕಾದೆವು. ಬಹಳ ಹೊತ್ತಾಯಿತು. ಕೊನೆಗೆ ಗದ್ದೆ ಬಯಲಿನ ಆಚೆಯಿಂದ ಬಂತು ಆ ಕೂಗು. ನಾನು ಕೇಳಿದ ಅವಳ ಎಲ್ಲ ಕೂಗಿಗಿಂತ ದೊಡ್ಡದು. ಕೆರೆಯಲ್ಲಿದ್ದ ಕೊಕ್ಕರೆಗಳು ಎದ್ದವು.

ಗಿರಿಜಾ ಎದ್ದು ನಿಂತು, ಸೊರಬದವರೆಗೂ ಕೇಳಲಿ ಎನ್ನುವ ಹಾಗೆ, "ಬಂದೇ!" ಎಂದಳು.

ಮಕ್ಕಳೇ, ಇಷ್ಟನ್ನು ಅಡುಗೆಮನೆಯಲ್ಲಿ ಕುಳಿತು, ಯಾರಾದರೂ ಬಂದರೆ ಸೆರಗಿನಡಿ ಮುಚ್ಚಿಕೊಂಡು ಬರೆದಿದ್ದೇನೆ. ಫೋಟೋ ಹೊಡೆದು ಮೊಬೈಲಿನಲ್ಲಿ ಇಟ್ಟುಕೊಂಡು ಕಾಗದ ಎಸೆಯಬೇಡಿ. ನನ್ನ ಟ್ರಂಕಿನಲ್ಲಿ ಮದುವೆ ಸೀರೆಯ ಮಡಿಕೆಯೊಳಗೆ ಇಡಿ, ನುಸಿಗುಳಿಗೆ ಹಾಕಿ. ಅನನ್ಯಾ, ನಿನಗೆ ಮದುವೆ ಗೊತ್ತಾದರೆ ಅದಕ್ಕಿಂತ ಮುಂಚೆ ಒಮ್ಮೆ ತೆಗೆದು ಓದು. ಸುಹಾಸ, ನೀನೂ ಓದು.